ನಾಯಿಗೊಂದು ಹೆಸರು

ಕಿರಿಮಂಜೇಶ್ವರ
೧೪-೮-೨೦೦೪

ಸುರಕ್ಷಾಳ ಅಪ್ಪಯ್ಯನವರಿಗೆ ನಮಸ್ಕಾರ.

ನಾಯಿಯ ಕಿವಿ ಹುಣ್ಣಾಗಿ ಸೋರುತ್ತಿದೆ. ಮದ್ದು ಬಿಡಲು ಹೋದರೆ ನನಗೇ ಬಾಯಿ ಹಾಕುತ್ತದೆ. ಬೈಂದೂರಿನ ಡಾಕ್ಟರು ಚೀಟಿ ಬರೆಯುವಾಗ, “ಇದ್ರ್ ಹೆಸ್ರ್ ಎಂತ?” ಎಂದು ಕೇಳಿದರು. “ಹ್ವಾಯ್ ಅಂದ್ರೆ ಬತ್ತ್” ಎಂದೆ. ನಕ್ಕುಬಿಟ್ಟರು.

ನಾನು ನಿಮ್ಮನ್ನು ಹ್ವಾಯ್ ಎಂದು ಕರೆದಾಗಲೆಲ್ಲ ಮರಿ ತನ್ನನ್ನೇ ಕರೆದದ್ದೆಂದು ಓಡಿ ಬರುತ್ತಿತ್ತಲ್ಲ, ಅದೇ ರೂಢಿಯಾಯಿತು. ಮುಂದಿನ ಸಲ ಬಂದಾಗ ಹೆಸರಿಡುತ್ತೇನೆಂದು ನೀವು ಬೊಂಬಾಯಿ ಬಸ್ಸು ಹತ್ತಿ ನಾಲ್ಕು ವರ್ಷವಾಯಿತು.

ಅಲ್ಲಿಯ ಮನೆಯಲ್ಲಿ ಹುಟ್ಟಿದ ನಿಮ್ಮ ಗಂಡುಮಗುವಿಗೆ ಹೆಸರಿಟ್ಟಿರಂತೆ, ಬೊಂಬಾಯಿಯಿಂದ ಊರಿಗೆ ಬಂದ ಬಚ್ಚಣ್ಣ ಹೇಳಿದ. ನಾನೇನೂ ಕೇಳುವುದಿಲ್ಲ. ಇದಕ್ಕೂ ಒಂದು ಹೆಸರು ಬರೆದು ಕಳಿಸಿ. ಈ ಮನೆಯಲ್ಲಿ ಇನ್ನು ಹ್ವಾಯ್ ಎಂದು ಕರೆಯುವುದು ನನ್ನಿಂದಾಗದು.

ಇತಿ,
ಪದ್ದು