ನಮ್ಮ ಹೊಲ ದಾಟಿ ಹೋದ ತಂತಿ

ಕಲ್ಯ
ಮಂಗಳವಾರ, ೧೪ ಅಕ್ಟೋಬರ್ ೨೦೨೫

ಪ್ರೀತಿಯ ಅಜ್ಜಿಗೆ,

ನಿನ್ನ ಮೊಮ್ಮಗಳು ರಮ್ಯಾಳ ನಮಸ್ಕಾರ. ಮಂಡಿನೋವು ಹೇಗಿದೆ? ವಿರೂಪಾಕ್ಷಿಪುರದಲ್ಲಿ ಅತ್ತೆಯ ಮಗಳ ಬಾಣಂತನ ಮಾಡಲು ಹೋದವಳು ನೀನೇ ಬಾಣಂತಿಯ ಹಾಗೆ ಬಿಸಿನೀರು ಹುಯ್ಸಿಕೊಳ್ಳುತ್ತಿದ್ದೀಯಂತೆ, ಸುದ್ದಿ ಬಂತು. ಫೋನಲ್ಲೇ ಮಾತಾಡಬಹುದಿತ್ತು. ಆದರೆ ನೀನು ಫೋನನ್ನು ಕಿವಿ ಬಿಟ್ಟು ಕೆನ್ನೆಗೆ ಹಿಡಿದು ಎಲ್ಲದಕ್ಕೂ "ಹೂಂ ಕವ್ವ" ಅಂತೀಯ. ಅದಕ್ಕೇ ಈ ಕಾಗದ. ಅತ್ತೆ ಓದಿ ಹೇಳಲಿ.

ನಿನ್ನ ಮಗ ತಿಮ್ಮೇಶ್ ಚಿಕ್ಕಪ್ಪ ದೀಪಾವಳಿಗೆ ಪಹಣಿ ತೆಗೆಯೋ ಅಂಗಡಿ ಮುಚ್ಚುತ್ತಾನಂತೆ. ಇಂಟರ್ನೆಟ್ ಲೈನಿಗೆ ಕಂಪನಿಯವರು ತಿಂಗಳಿಗೆ ಎರಡು ಸಾವಿರ ಮಾಡಿದ್ದಾರೆ. ಹೆಸರು ಅನ್‌ಲಿಮಿಟೆಡ್, ಲಿಮಿಟ್ ಇಲ್ಲದ್ದು ಬಿಲ್ಲಿಗೆ ಮಾತ್ರ. ಅದೇ ಲೈನು ಮಾಗಡಿಯಲ್ಲಿ ಆರುನೂರು! ಅಂಗಡಿ ಮುಚ್ಚಿದರೆ ಊರಿನವರು ಒಂದು ಪಹಣಿಗೂ ಬಸ್ಸು ಹತ್ತಬೇಕು. ನನಗೆ ಸಿಟ್ಟಿಗಿಂತ ಕುತೂಹಲ ಜಾಸ್ತಿಯಾಯಿತು. ಮಾಗಡಿಯ ಆಫೀಸಿಗೇ ಹೋಗಿ ಕೇಳಿದೆ. "ನಿಮ್ದು ದೂರ ಕಣಮ್ಮ" ಅಂದ ಅಲ್ಲಿಯವನು. ಯಾವುದರಿಂದ ದೂರ ಅಂತ ಕೇಳಿದ್ದಕ್ಕೆ ಫ್ಯಾನ್ ನೋಡಿದ.

ನಾನು ಬಿಡುತ್ತೇನೆಯೇ? ರಸ್ತೆ ಪಕ್ಕ ಕೇಬಲ್ ಗುರುತಿಗೆ ಬಾಣ ಕೊರೆದು ನೆಟ್ಟ ಕಲ್ಲುಗಳಿವೆಯಲ್ಲ, ಚಿಕ್ಕಪ್ಪನ ಸ್ಕೂಟರಿನ ಹಿಂದೆ ಕೂತು ಒಂದೊಂದನ್ನೇ ಹಿಡಿದು ಹಿಂದಕ್ಕೆ ಬಂದೆ. ಕೇಬಲ್ ಮಾಗಡಿಯಿಂದ ನಮಗೆ ಬರುತ್ತಿಲ್ಲ ಅಜ್ಜಿ! ಕುಣಿಗಲ್ ಕಡೆಯಿಂದ ಬಂದು, ನಮ್ಮ ರಾಗಿ ಹೊಲದ ಮೂಲೆಯಲ್ಲಿ ಕಂಪನಿಯವರು ನೆಟ್ಟ ಡಬ್ಬದೊಳಗೆ ಹೊಕ್ಕು, ಆಮೇಲೆ ಮಾಗಡಿಗೆ ಹೋಗುತ್ತದೆ. ದೂರ ಇರುವವರು ಅವರು! ತಂತಿ ಒಂದೇ, ತಂತ್ರ ಎರಡು. ಚಿಕ್ಕಪ್ಪ ಕಲ್ಲಿನ ಮೇಲೆ ಕೂತು ನಕ್ಕ: "ಮಾಗಡೀಲಿ ಮೂರು ಕಂಪ್ನಿ ಅವೆ ಕಣವ್ವ, ಪೈಪೋಟಿ ಐತೆ. ಇಲ್ಲಿ ಒಬ್ನೇ ಗಂಡು, ಕೇಳಿದ್ದೇ ವರದಕ್ಷಿಣೆ."

ಆ ಡಬ್ಬಕ್ಕೆ ನೀನು ಜಾಗ ಕೊಟ್ಟ ಕಾಗದ ನಿನ್ನ ಟ್ರಂಕಿನಲ್ಲಿ ಸಿಕ್ಕಿತು. ಐದು ವರ್ಷದ ಕರಾರು. ಈ ತಿಂಗಳ ಕೊನೆಗೆ ಮುಗಿಯುತ್ತದೆ. ನಿನ್ನ ಒಪ್ಪಿಗೆ ಇಲ್ಲದಿದ್ದರೆ ಅವರು ಡಬ್ಬ ಕಿತ್ತುಕೊಂಡು ಬೇರೆ ಹೊಲ ಹುಡುಕಬೇಕು, ಮತ್ತೆ ಅಗೆಯಬೇಕು. ಇಷ್ಟು ದೊಡ್ಡ ಕಂಪನಿ ನಮ್ಮಜ್ಜಿಯ ಬಾಡಿಗೆದಾರ ಅಂತ ನನಗೆ ಇಷ್ಟು ದಿನ ಗೊತ್ತೇ ಇರಲಿಲ್ಲ, ನೋಡು!

ಕುರಿಗಳೆಲ್ಲ ಚೆನ್ನಾಗಿವೆ. ಅತ್ತೆಗೆ ನಮಸ್ಕಾರ, ಕೂಸಿಗೆ ಮುತ್ತು.

ನಿನ್ನ ತಲೆಹರಟೆ ಮೊಮ್ಮಗಳು,
ರಮ್ಯಾ

ಮರೆತಿದ್ದೆ: ಕುರಿ ವ್ಯಾಪಾರದ ಸಾಬೀರಣ್ಣ ಗಾಡಿ ಸ್ಟಾರ್ಟ್ ಮಾಡಿ ಹಾರ್ನ್ ಹೊಡೆಯುತ್ತಿದ್ದಾನೆ, ಅವನ ಕೈಯಲ್ಲೇ ಇದನ್ನು ಕಳಿಸುತ್ತಿದ್ದೇನೆ. ಕಂಪನಿಯವನು ನಿನ್ನೆ ಬಂದು, ಅಜ್ಜಿ ಎಲ್ಲಿ ಅಂತ ವಿಚಾರಿಸಿದ. ನಿನ್ನ ಮಗ ಮಹಾಶಯ ಅಡ್ರೆಸ್ಸು ಹೇಳಿ, ಬಸ್ ನಂಬರನ್ನೂ ಕೊಟ್ಟ! ಗುರುವಾರ ಬರುತ್ತಾನಂತೆ, ಮೈಸೂರು ಪಾಕು, ಇಂಕು ಪ್ಯಾಡು ಎರಡೂ ಹಿಡಿದು. ಮೈಸೂರು ಪಾಕು ತಿನ್ನು. ಕಾಫಿ ಕೊಡು. ಕಲ್ಯಕ್ಕೂ ಮಾಗಡಿ ರೇಟೇ ಅಂತ ಅವನು ಬರೆದುಕೊಟ್ಟು, ಅದನ್ನು ಅತ್ತೆ ಎರಡು ಸಲ ಓದಿ ಹೇಳುವ ತನಕ ಹೆಬ್ಬೆಟ್ಟನ್ನು ಸೆರಗಿನೊಳಗೇ ಇಟ್ಟುಕೊಂಡಿರು. ಏನೇ ಕೇಳಿದರೂ "ಹೂಂ ಕವ್ವ" ಮಾತ್ರ ಅನ್ನಬೇಡ.