ಮುಕ್ತ ವ್ಯಾಪಾರಕ್ಕೆ ಮುಚ್ಚಿದ ಕಾಲುದಾರಿ

ಮುಕ್ತ ವ್ಯಾಪಾರ ವಲಯದ ಜಮೀನು ನೋಡಿಕೊಳ್ಳುವ ಅಧಿಕಾರಿಗಳಿಗೆ,

ಮಾನ್ಯರೇ, ಬಾಳ್ಳುಪೇಟೆ ಬಳಿ ನೀವು ಮಾಡಹೊರಟ ವಲಯ ಇನ್ನೂ ಬಂದಿಲ್ಲ, ಅದರ ಬೇಲಿ ಮಾತ್ರ ಬಂದಿದೆ. ನಮ್ಮೂರಿನವರು ತಲೆತಲಾಂತರದಿಂದ ನಡೆದ ಕಾಲುದಾರಿಯನ್ನು ಆ ಬೇಲಿ ಮುಚ್ಚಿದೆ. ಇದಕ್ಕೆ ನಾನೂ ಕಾರಣನಾದ್ದರಿಂದ ಈ ಪತ್ರವನ್ನು ಎಲ್ಲರ ಮುಂದೆ ಬರೆಯುತ್ತಿದ್ದೇನೆ.

ನಾನು ಎಸ್ಟೇಟ್ ಒಂದರಲ್ಲಿ ಮೂವತ್ತು ವರ್ಷ ಲೆಕ್ಕಪತ್ರ ಬರೆಯುವ ರೈಟರ್ ಆಗಿದ್ದವನು. ನಮ್ಮ ಕಾಫಿ, ಮೆಣಸು, ಏಲಕ್ಕಿ ಸುಂಕದ ಕಾಟವಿಲ್ಲದೆ ಇಲ್ಲಿಂದಲೇ ಹೊರದೇಶಕ್ಕೆ ಹೋಗುತ್ತವೆ ಎಂದು ನೀವು ಹೇಳಿದಾಗ ಎಲ್ಲರಿಗಿಂತ ಮೊದಲು ಚಪ್ಪಾಳೆ ತಟ್ಟಿದವನೂ ನಾನೇ. ಆಮೇಲೆ ಕಾನೂನು ಅಡ್ಡ ಬಂತು. ವಲಯದ ಜಮೀನು ಒಂದೇ ತುಂಡಾಗಿರಬೇಕಂತೆ, ನಡುವೆ ಸಾರ್ವಜನಿಕ ದಾರಿ ಇರಕೂಡದಂತೆ. ನಿಮ್ಮ ಕಚೇರಿಯವರು ಉಪಾಯ ಹೇಳಿದರು: ‘ನಕಾಶೆಯಲ್ಲಿ ಹೇಗೂ ಇಲ್ಲ. ದಾರಿ ಇಲ್ಲ ಅಂತ ಬರೆದುಕೊಟ್ಟರೆ ಆಯಿತು.’ ಅಕ್ಷರ ಚೆನ್ನಾಗಿದೆಯೆಂದು ಮಹಜರನ್ನು ನನ್ನಿಂದಲೇ ಬರೆಸಿದರು. ದಾರಿ ಇಲ್ಲವೆಂದು ಬರೆಯಲು ನಾನು, ನಿಮ್ಮ ಸಿಬ್ಬಂದಿ, ಐವರು ಪಂಚರು ಸ್ಥಳಕ್ಕೆ ಹೋದದ್ದು ಅದೇ ದಾರಿಯಲ್ಲಿ. ಬೇರೆ ದಾರಿ ಇರಲಿಲ್ಲವಲ್ಲ.

ಇಷ್ಟಾದ ಮೇಲೆ ವಲಯ ಬಂತೇ? ಅರಣ್ಯ ಇಲಾಖೆ ಅದರಲ್ಲಿ ಅರ್ಧ ಕಾಡೆನ್ನುತ್ತಿದೆ, ಕಂದಾಯ ಇಲಾಖೆ ಉಳಿದದ್ದು ಗೋಮಾಳವೆನ್ನುತ್ತಿದೆ. ಕಡತ ಎರಡು ವರ್ಷದಿಂದ ಅಲ್ಲಿಗೂ ಇಲ್ಲಿಗೂ ಓಡಾಡುತ್ತಿದೆ. ಅದರ ದಾರಿಗೆ ಯಾರೂ ಬೇಲಿ ಹಾಕಿಲ್ಲ. ಒಂದು ಕಾನೂನಿಗಾಗಿ ಸುಳ್ಳು ಬರೆಸುವ ಮುನ್ನ ಉಳಿದ ಎರಡನ್ನು ಓದಿ ನೋಡಬಾರದಿತ್ತೇ?

ಬೇಲಿಯಾಚೆ ಭದ್ರಮ್ಮನವರ ಒಂದೂವರೆ ಎಕರೆ ಕಾಫಿ ಇದೆ. ಮೊದಲು ಹಣ್ಣಿನ ಚೀಲ ಹೊತ್ತು ಹತ್ತು ನಿಮಿಷದಲ್ಲಿ ಹೆದ್ದಾರಿಗೆ ಬರುತ್ತಿದ್ದರು. ಈಗ ಗುಡ್ಡ ಸುತ್ತಿ ಜೀಪು ಬರಬೇಕು. ಎರಡು ಚೀಲಕ್ಕೆ ಯಾವ ಜೀಪಿನವನೂ ಬರುವುದಿಲ್ಲ. ಕಳೆದ ವಾರ ಕೊಯ್ದ ಹಣ್ಣು ಚೀಲದಲ್ಲೇ ಬಿಸಿಯೇರಿ ಹುಳಿವಾಸನೆ ಹೊಡೆಯಿತು. ಅವರು ನನ್ನನ್ನು ಬೈಯಲಿಲ್ಲ.

‘ಅವತ್ತು ನೀವೆಲ್ಲ ಬಂದಾಗ, ತಲೆ ಮೇಲೆ ಚೀಲ ಇಟ್ಕೊಂಡು ಪಕ್ಕಕ್ಕೆ ಸರ್ದು ದಾರಿ ಬುಟ್ಟಿದ್ದು ನಾನೇ ಅಲ್ವಾ, ರೈಟ್ರೇ?’ ಎಂದರು. ‘ಈಗ ಅಲ್ಲಿ ದಾರೀನೇ ಇಲ್ಲ ಅಂತ ಬರ್ದ್‌ಬುಟ್ಟಿದ್ದೀರಂತಲ್ಲ.’

ನನಗೆ ನಾಚಿಕೆಯಾಯಿತು.

ಈ ಕೊಯ್ಲು ಮುಗಿಯುವ ಮೊದಲು ಬೇಲಿ ತೆಗೆಸಿ, ಆ ಮಹಜರನ್ನು ರದ್ದು ಮಾಡಿ. ಆಗುವುದಿಲ್ಲವೆಂದರೆ ಸುಳ್ಳು ಬರೆದದ್ದಕ್ಕೆ ನನ್ನ ಮೇಲೆ ಕೇಸು ಹಾಕಿ, ತಪ್ಪೊಪ್ಪಿಕೊಳ್ಳುತ್ತೇನೆ. ನನಗೆ ಶಿಕ್ಷೆಯಾಗಬೇಕಾದರೆ, ಅಲ್ಲೊಂದು ದಾರಿ ಇತ್ತೆಂದು ಮೊದಲು ಸರ್ಕಾರವೇ ಬರೆಯಬೇಕಾಗುತ್ತದೆ.

ಇಂತಿ,
ತನ್ನ ಅಕ್ಷರಕ್ಕೆ ತಾನೇ ಹೇಸಿಕೊಂಡಿರುವ
ಶಾಂತಮಲ್ಲಪ್ಪ, ನಿವೃತ್ತ ರೈಟರ್