ಕೆಂಪು ಚುಕ್ಕೆಯ ಕೇಸುಗಳು

ಮಾರ್ಚ್ ೨, ಭಾನುವಾರ

ಬೆಳಿಗ್ಗೆ ಶೆಡ್ಡಿನಲ್ಲಿ. ಶೂಟಿಂಗ್ ಕ್ಲಬ್ಬಿಗೆ ಹೊರಡುವ ಮೊದಲು ಅರವತ್ತು ಗುಂಡು ತುಂಬಿ ಮುಗಿಸಬೇಕಿತ್ತು. ಹೊಡೆದ ಗುಂಡಿನ ಖಾಲಿ ಹಿತ್ತಾಳೆ ಕೋಶಗಳಲ್ಲಿ, ಅಂದರೆ ಕೇಸುಗಳಲ್ಲಿ, ಐದಾರರ ಬಾಯಿ ಸೀಳಿತ್ತು, ಎಸೆದೆ. ಎಸೆಯುವಾಗ ಹೊಟ್ಟೆ ಉರಿಯಿತು. ಪಾಯಿಂಟ್ ೩೨ರ ಹೊಸ ಹಿತ್ತಾಳೆ ಕೇಸು ಈಗ ಒಂದಕ್ಕೆ ಡಾಲರಿನ ಮೇಲೆ. ಬುಡದಲ್ಲಿ ಕಿಡಿ ಹೊತ್ತಿಸುವ ಪ್ರೈಮರಿನ ಬೆಲೆಯೂ ಮತ್ತೆ ಏರಿದೆ. ಸಿಡಿಮದ್ದಿನ ಡಬ್ಬಿಯ ತಳ ಕಾಣುತ್ತಿದೆ.

ಮನೆಯಲ್ಲೇ ತುಂಬಿಕೊಂಡರೆ ಅರ್ಧ ದುಡ್ಡು ಉಳಿಯುತ್ತೆ ಅಂತ ಹೆಂಡತಿ ರೇಲೀನ್‌ಗೆ ಹೇಳಿಯೇ ಗುಂಡು ತುಂಬುವ ಈ ಪ್ರೆಸ್ ಯಂತ್ರ ಕೊಂಡದ್ದು. ಉಳಿದದ್ದು ಏನೂ ಇಲ್ಲ. ಎರಡರಷ್ಟು ಹೊಡೆಯುತ್ತಿದ್ದೇನೆ, ಅಷ್ಟೇ. ಟೈರ್ ಅಂಗಡಿಯಲ್ಲಿ ನನ್ನ ಶನಿವಾರದ ಕೆಲಸ ನಿಂತ ಮೇಲೆ ಅವಳು ಲೆಕ್ಕ ಕೇಳತೊಡಗಿದ್ದಾಳೆ.

ಸಂಜೆ — ವಿಲಿಸ್ ಪಕ್ಕದ ಲೇನಿನಲ್ಲಿದ್ದರು. ಕ್ಲಬ್ಬಿನಲ್ಲಿ ೩೨ ಹೊಡೆಯುವವರು ನಾವಿಬ್ಬರೇ. ಅವರಿಗೆ ಎಪ್ಪತ್ತೊಂಬತ್ತು ವಯಸ್ಸು, ಎರಡೂ ಮಂಡಿ ಆಪರೇಷನ್ ಆಗಿದೆ. ಪಿಸ್ತೂಲು ಕೇಸುಗಳನ್ನು ಅಷ್ಟು ದೂರ ಉಗುಳುತ್ತದೆ, ಪಾಪ, ಬೆಂಚು ಹಿಡಿದು ಬಗ್ಗಿ ಒಂದೊಂದೇ ಹೆಕ್ಕುತ್ತಿದ್ದರು.

"ನೀವು ಬಗ್ಗಬೇಡಿ ವಿಲಿಸ್, ನಾನು ಹೆಕ್ಕಿ ಕೊಡ್ತೀನಿ" ಅಂದೆ.

"ನೋಡ್ರೋ, ಕಲೀರಿ ಡೆಸ್‌ನ ನೋಡಿ!" ಅಂತ ಕ್ಲಬ್ಬಿನ ಕ್ಯಾಪ್ಟನ್ ಬ್ರಾನ್ವಿನ್ ಎಲ್ಲರಿಗೂ ಕೇಳುವಂತೆ ಕೂಗಿದಳು.

ವಿಲಿಸ್ ಅವರ ಕೇಸುಗಳ ಬುಡದಲ್ಲಿ ಕೆಂಪು ಚುಕ್ಕೆ ಇರುತ್ತದೆ. ಬೇರೆಯವರದರ ಜೊತೆ ಬೆರೆಯದಿರಲಿ ಅಂತ ಅವರ ಹೆಂಡತಿ ಇಲ್ಗಾ ತನ್ನ ಉಗುರು ಬಣ್ಣದಲ್ಲಿ ಇಡುತ್ತಿದ್ದಳು. ಅವಳು ತೀರಿಹೋಗಿ ಎರಡು ವರ್ಷ. ಅದೇ ಶೀಶೆಯಿಂದ ಈಗ ಇವರೇ ಇಡುತ್ತಾರೆ.

ಹೆಕ್ಕಿದ್ದರಲ್ಲಿ ಅವರ ಆರು ಕೇಸು ನನ್ನ ಜೇಬಿಗೆ ಹೋದವು. ಯೋಚಿಸದೆ ಆಗಿದ್ದು.

ಅಲ್ಲ. ಯೋಚಿಸಿಯೇ.

ಮಾರ್ಚ್ ೨೦

ರೇಲೀನ್: "ನನ್ನ ನೇಲ್ ಪಾಲಿಶ್ ರಿಮೂವರ್ ಎಲ್ಲಿಗೆ ಹೋಗ್ತಿದೆಯಪ್ಪಾ? ಗುಟ್ಟಾಗಿ ಉಗುರಿಗೆ ಬಣ್ಣ ಹಚ್ಕೊಳ್ತಿದ್ದೀಯಾ?"

ನಕ್ಕೆ. ಕಿವಿ ಬಿಸಿಯಾಯಿತು. ಕೇಸಿನ ಚುಕ್ಕೆ ಒರೆಸಿ ಒರೆಸಿ ಶೆಡ್ಡಿನ ಚಿಂದಿ ಬಟ್ಟೆಯೆಲ್ಲ ಕೆಂಪು.

ಮಾರ್ಚ್ ೩೦, ಭಾನುವಾರ

ಪ್ರತಿ ವಾರ ಐದು, ಆರು. ಈಗ ಕೈಗೆ ಅಭ್ಯಾಸವಾಗಿದೆ. ವಿಲಿಸ್ ನನಗೆಂದೇ ಡಬ್ಬಿ ತುಂಬ ಬನ್ನು ಮಾಡಿ ತಂದಿದ್ದರು, ಒಳಗೆ ಬೇಕನ್, ಈರುಳ್ಳಿ — ಅವರು ಹುಟ್ಟಿದ ದೇಶ ಲಾಟ್ವಿಯಾದ ತಿಂಡಿ. "ಹೆಕ್ಕೋನಿಗೆ ಕೂಲಿ ಕಣೋ" ಅಂದರು. ಮೂರು ತಿಂದೆ. ಬಹಳ ರುಚಿಯಾಗಿತ್ತು. ಅದೇ ಬೇಜಾರು.

ಮೇ ೪, ಭಾನುವಾರ

ಬರೆಯದೆ ತಿಂಗಳಾಯಿತು. ಬರೆಯುವಂಥದ್ದು ಇರಲಿಲ್ಲ ಅಂದುಕೊಳ್ಳುತ್ತಿದ್ದೆ.

ಇವತ್ತು ವಿಲಿಸ್ ನನ್ನನ್ನು ಕಾರಿನ ಹಿಂದಕ್ಕೆ ಕರೆದರು. ದನಿ ತಗ್ಗಿಸಿ — "ಡೆಸ್, ಯಾರಿಗೂ ಹೇಳ್ಬೇಡ. ಅರವತ್ತು ಹೊಡೀತೀನಿ. ಮನೇಲಿ ಖಾಲಿ ಕೇಸು ಮೊಟ್ಟೆ ಟ್ರೇಲಿ ಜೋಡಿಸಿದ್ರೆ ಐವತ್ನಾಲ್ಕು. ಪ್ರತಿ ವಾರ ಹೀಗೇ. ಇಲ್ಗಾಗೂ ಮರೆವು ಹೀಗೇ ಶುರುವಾಗಿದ್ದು. ಮೊದ್ಲು ಚಮಚದ ಲೆಕ್ಕ ತಪ್ತು. ಆಮೇಲೆ ನಾನು ಯಾರು ಅನ್ನೋದು."

"ಹುಲ್ಲಲ್ಲಿ ಬಿದ್ದಿರುತ್ತೆ ಬಿಡಿ."

"ನೀನು ಹೆಕ್ಕಿದ ಮೇಲೆ ಹುಲ್ಲಲ್ಲಿ ಎಲ್ಲಿ ಉಳಿಯುತ್ತೋ? ನನ್ನ ತಲೇನೇ ಸರಿಯಿಲ್ಲ."

ಆಗಲೇ ಹೇಳಬಹುದಿತ್ತು. ಅಲ್ಲಿ ನಾವಿಬ್ಬರೇ ಇದ್ದೆವು. ಭುಜ ತಟ್ಟಿದೆ. ನಾಚಿಕೆಗೇಡಿ ಕೈ.

ಮೇ ೧೮, ಭಾನುವಾರ

ಉಪಾಯ ಸಿಕ್ಕಿದೆ. ಹೇಳುವುದೇ ಬೇಡ. ವಾಪಸ್ ಹಾಕಿಬಿಡುವುದು. ನನ್ನ ಶೆಡ್ಡಿನ ಡಬ್ಬಿಯಲ್ಲಿ ಇನ್ನೂ ಬಣ್ಣ ಒರೆಸದ ಅವರ ಕೇಸುಗಳು ಬೇಕಾದಷ್ಟಿವೆ. ಇವತ್ತು ಅವರ ಅರವತ್ತೂ ಕೊಟ್ಟೆ, ಜೊತೆಗೆ ಹಿಂದೆ ಕದ್ದಿದ್ದರಲ್ಲಿ ನಾಲ್ಕು. ವಾರಕ್ಕೆ ಸ್ವಲ್ಪ ಸ್ವಲ್ಪ ಹಾಕಿದರೆ ಸಾಲ ತೀರುತ್ತದೆ, ಯಾರಿಗೂ ಗೊತ್ತಾಗುವುದಿಲ್ಲ.

ಮನೆಗೆ ಬರುವಾಗ ದಾರಿಯುದ್ದಕ್ಕೂ ಸಿಳ್ಳೆ ಹಾಕಿದೆ. ಅದನ್ನು ನೆನೆಸಿಕೊಂಡರೆ...

ಮೇ ೨೪

(ಮೇಲಿನ ಕೊನೆಯ ಸಾಲು ಇವತ್ತು ಸೇರಿಸಿದ್ದು.)

ಬ್ರಾನ್ವಿನ್ ಫೋನ್ ಮಾಡಿದ್ದಳು. ವಿಲಿಸ್ ಅವಳ ಅಡುಗೆಮನೆಯಲ್ಲಿ ಕೂತು ಅತ್ತರಂತೆ. ಕೇಸುಗಳನ್ನು ಟ್ರೇಯಲ್ಲಿಟ್ಟು ಮತ್ತೆ ಮತ್ತೆ ಎಣಿಸಿದರಂತೆ. ಅರವತ್ನಾಲ್ಕು. "ಕಡಿಮೆ ಬಂದ್ರೆ ಕಳೀತು ಅನ್ಬಹುದು, ಜಾಸ್ತಿ ಹೇಗಮ್ಮಾ ಬರುತ್ತೆ? ಎಲ್ಲದರ ಮೇಲೂ ಇಲ್ಗಾದೇ ಕೆಂಪು. ಎಷ್ಟು ಗುಂಡು ಹೊಡೆದೆ ಅಂತ ಗೊತ್ತಿಲ್ಲದೋನ ಕೈಲಿ ಪಿಸ್ತೂಲು ಇರಬಾರದು" ಅಂದರಂತೆ. ಮಂಗಳವಾರ ಪೊಲೀಸ್ ಸ್ಟೇಷನ್ನಿಗೆ ಹೋಗಿ ಪಿಸ್ತೂಲು, ಲೈಸೆನ್ಸ್ ಎರಡನ್ನೂ ಒಪ್ಪಿಸುತ್ತಾರೆ.

"ಬೇಡ ಅಂತ ನೀನೊಂದು ಮಾತು ಹೇಳೋ ಡೆಸ್. ಅವ್ರಿಗೆ ಭಾನುವಾರ ಬಿಟ್ರೆ ಬೇರೇನಿದೆ? ನಿನ್ನನ್ನಾದ್ರೆ ನಂಬ್ತಾರೆ."

"ಹ್ಞೂಂ" ಅಂದೆ.

ಮೇ ೨೫, ಭಾನುವಾರ

ಕ್ಲಬ್ಬಿಗೆ ಹೋಗಲಿಲ್ಲ. ವಿಲಿಸ್ ಕೂಡ ಹೋಗಿರಲಿಲ್ಲವಂತೆ. ಅವರ ಬೀದಿಯವರೆಗೆ ಹೋದೆ. ಅಂಗಳದಲ್ಲಿ ಗಿಡಕ್ಕೆ ನೀರು ಹಾಕುತ್ತಿದ್ದರು. ಕಾರು ನಿಲ್ಲಿಸಲಿಲ್ಲ. ಮೂಲೆ ಅಂಗಡಿಯಲ್ಲಿ ಹಾಲು ಕೊಂಡು ತಿರುಗಿ ಬಂದೆ. ಮನೆಯಲ್ಲಿ ಹಾಲಿತ್ತು.

ಮೇ ೨೬

ರೇಲೀನ್‌ಗೆ ಹೇಳಿದೆ. ಬೈಯುತ್ತಾಳೆ ಅಂದುಕೊಂಡಿದ್ದೆ. ಬೈದಿದ್ದರೆ ಚೆನ್ನಾಗಿತ್ತು.

"ವಾರಕ್ಕೆ ಆರು ಡಾಲರಿಗಾ, ಡೆಸ್?"

ಅಷ್ಟೇ. ಎದ್ದು ಬಟ್ಟೆ ಒಣಹಾಕಲು ಹೋದಳು. ಸ್ವಲ್ಪ ಹೊತ್ತಿಗೆ ಬಾಗಿಲಲ್ಲಿ ನಿಂತು, "ನಿನ್ನಪ್ಪನ ವಯಸ್ಸಿನವರು. ಹುಚ್ಚು ಹಿಡೀತು ಅಂದ್ಕೊಂಡು ಮಲಗ್ತಿದ್ದಾರೆ, ನಿನ್ನಿಂದ" ಅಂದಳು.

ಮೇ ೨೭, ಮಂಗಳವಾರ, ಬೆಳಿಗ್ಗೆ

ವಿಲಿಸ್ ಮನೆಗೆ ಹೊರಡಲು ಬೂಟು ಹಾಕುತ್ತಿದ್ದೆ — ನಿಜವಾಗಿ ಹೊರಟಿದ್ದೆ — ಅವರದೇ ಫೋನ್. "ಸ್ಟೇಷನ್ನಿಗೆ ಹೋಗೋ ದಾರೀಲಿ ನಿನ್ನ ಮನೆಗೆ ಬರ್ತೀನಿ. ಪ್ರೆಸ್ಸು, ಹಿತ್ತಾಳೆ ಕೇಸು, ಎಲ್ಲಾ ಕಾರಲ್ಲಿಟ್ಟಿದ್ದೀನಿ. ನಂಗಿನ್ನು ಯಾಕೆ? ಹೆಕ್ಕಿ ಕೊಟ್ಟೋನು ನೀನು, ನೀನೇ ಇಟ್ಕೋ." ಬರಬೇಡಿ, ನಾನೇ ಬರ್ತೀನಿ ಅನ್ನುವಷ್ಟರಲ್ಲಿ ಫೋನ್ ಇಟ್ಟುಬಿಟ್ಟರು.

ಶೆಡ್ಡಿಗೆ ಬಂದು ಡಬ್ಬಿಯನ್ನು ಬೆಂಚಿನ ಮೇಲೆ ಸುರಿದೆ. ಉಳಿದಿದ್ದನ್ನೆಲ್ಲ ತಲೆಕೆಳಗು ನಿಲ್ಲಿಸಿದ್ದೇನೆ. ಕೆಂಪು ಮೇಲೆ. ಅವರು ಬರುವವರೆಗೆ ಪಕ್ಕದಲ್ಲೇ ಕೂತು ಬರೆಯುತ್ತಿದ್ದೇನೆ. ಇವುಗಳ ಮೇಲೆ ಚಿಂದಿ ಬಟ್ಟೆ ಹೊದಿಸಿಬಿಡೋಣ ಅಂತ ಇನ್ನೂ ಅನಿಸುತ್ತಿದೆ. ಎದ್ದು ಹೋಗಿ ಅದನ್ನು ಕಸದ ತೊಟ್ಟಿಗೆ ಹಾಕಿ ಬಂದೆ.

ಕಾರು ನಿಂತಿತು. ರೇಲೀನ್ ಮಾತಾಡಿಸುತ್ತಿದ್ದಾಳೆ. "ಡೆಸ್, ಒಂದು ಕೈ ಹಿಡಿ ಬಾರೋ, ಭಾರ ಇದೆ!" — ಅವರ ದನಿ.

ಮೊದಲು ಹೇಳಬೇಕಾದದ್ದು ಇದು, ಮರೆಯದ ಹಾಗೆ ಬರೆದಿಟ್ಟುಕೊಳ್ಳುತ್ತೇನೆ: ವಿಲಿಸ್, ನಿಮ್ಮ ಎಣಿಕೆ ಸರಿಯಾಗಿತ್ತು. ಪ್ರತಿ ಸಲವೂ ಸರಿಯಾಗಿತ್ತು. ನಾನು —